ಫ್ಯಾನಿನ ಅಡಿಯ ಲೇಪ

ಒಂದೇ ಮದುವೆಯ ನಡುವೆ ಚಂದ್ರಮಾವನ ಕಂಪ್ಯೂಟರ್ ಎರಡು ಸಲ ತಾನಾಗಿ ಬಂದ್ ಆಗಿತ್ತು.

ಮದುವೆ ಅಮ್ಮಣ್ಣಿ ಶೆಡ್ತಿಯವರ ಮಗಳದ್ದು. ನಡೆದು ಕಾಲು ಶತಮಾನ ದಾಟಿದೆ. ಆಗ ಮಾವನೇ ಹಿಡಿದ ವಿಡಿಯೋ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿ ಪೆನ್‌ಡ್ರೈವಿಗೆ ಹಾಕಿಕೊಡುವುದು ಮಾವನ ಕೆಲಸ. ಕ್ಯಾಸೆಟ್ಟನ್ನು ಓಡಿಸಿಯೇ ಇಳಿಸಬೇಕು, ಮದುವೆ ಎಷ್ಟು ಹೊತ್ತಿನದೋ ಅಷ್ಟು ಹೊತ್ತು ಬೇಕು. ನಡುವೆ ಕಂಪ್ಯೂಟರ್ ಸತ್ತರೆ ಅಲ್ಲಿಯವರೆಗೆ ಇಳಿದದ್ದೂ ಹಾಳು. ತುಂಡು ತುಂಡಾಗಿ ಇಳಿಸೋಣವೆಂದರೆ ರೀಲಿಗೆ ಬೂಸ್ಟು ಹಿಡಿದಿತ್ತು. ನಿಲ್ಲಿಸಿದಲ್ಲೆಲ್ಲ ಅದು ವಿ.ಸಿ.ಆರ್.ನ ಹೆಡ್ಡಿಗೆ ಅಂಟಿ ಸುಕ್ಕಾಗುತ್ತಿತ್ತು. ಇನ್ನು ಒಂದು ಸಲ ಓಡೀತು, ಅಷ್ಟೇ ಎಂದು ಮಾವ ಫೋನಿನಲ್ಲಿ ಹೇಳಿದ ಮೇಲೆ ಅಮಿತಾ ಭಾನುವಾರ ಬೆಳಿಗ್ಗೆ ಕುಂದಾಪುರದಲ್ಲಿ ಬಸ್ಸು ಹತ್ತಿದಳು.

ಅವಳು ಕುಂದಾಪುರದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ರಿಪೇರಿ ವಿಭಾಗ ನೋಡಿಕೊಳ್ಳುತ್ತಾಳೆ. ಚಂದ್ರ ಅವಳ ತಾಯಿಯ ತಮ್ಮ, ಬಾರ್ಕೂರಿನಲ್ಲಿ ಸ್ಟುಡಿಯೋ ಇಟ್ಟವನು. ಆ ಕಂಪ್ಯೂಟರನ್ನು ಜೋಡಿಸಿಕೊಟ್ಟವಳು ಅವಳೇ, ಪಾಲಿಟೆಕ್ನಿಕ್ಕಿನಲ್ಲಿ ಓದುತ್ತಿದ್ದಾಗ. ಬೇರೆ ಯಾರಾದರೂ ಅಷ್ಟು ಹಳೆಯ ಯಂತ್ರವನ್ನು ಅಂಗಡಿಗೆ ತಂದರೆ ಅವಳು ಮುಚ್ಚಳ ಬಿಚ್ಚದೆಯೇ ಗುಜರಿಯವನ ನಂಬರು ಕೊಡುತ್ತಾಳೆ. ಇದಕ್ಕೆ ಹಾಗೆ ಮಾಡುವಂತಿರಲಿಲ್ಲ. ಕ್ಯಾಸೆಟ್ ಇಳಿಸುವ ಕಾರ್ಡು ಹಳೆಯದು, ಅದನ್ನು ಕೂರಿಸುವ ಸ್ಲಾಟು ಈಗಿನ ಬೋರ್ಡುಗಳಲ್ಲಿ ಇಲ್ಲ. ಪೇಟೆಯಲ್ಲಿ ಸಿಗುವ ಯುಎಸ್‌ಬಿ ಕಡ್ಡಿಯನ್ನೂ ಮಾವ ತರಿಸಿ ನೋಡಿದ್ದ. ಅದರಲ್ಲಿ ಇಳಿಸಿದ ಮದುವೆಯಲ್ಲಿ ಬಾಯಿ ಮೊದಲು ಆಡುತ್ತಿತ್ತು, ಮಾತು ಆಮೇಲೆ ಬರುತ್ತಿತ್ತು. ಈ ಪ್ರೊಸೆಸರ್ ಸುಟ್ಟಿದ್ದರೆ ಅಮ್ಮಣ್ಣಿಯವರ ಕ್ಯಾಸೆಟ್ಟಿನ ಕತೆ ಮುಗಿದ ಹಾಗೆ.

ಬಸ್ಸಿನಲ್ಲಿ ಎಡಬದಿಯ ಸೀಟು ಸಿಕ್ಕಿತು. ಭಾಗಗಳನ್ನು ಕೊಂಡ ದಿನ ಇದೇ ದಾರಿಯಲ್ಲಿ ಕಂಪ್ಯೂಟರಿನ ಖಾಲಿ ಡಬ್ಬಿಯನ್ನು ಮಾವ ತೊಡೆಯ ಮೇಲೆ ಇಟ್ಟುಕೊಂಡು ಹೋಗಿದ್ದ. ಉಳಿದ ಭಾಗಗಳು ಅವಳ ಕೈಚೀಲದಲ್ಲಿದ್ದವು. ಡಬ್ಬಿಗೂ ಟಿಕೇಟು ತೆಗೆಯಬೇಕು ಎಂದು ಕಂಡಕ್ಟರ್ ಪಟ್ಟು ಹಿಡಿದ. "ಮಡ್ಲಲ್ಲಿ ಕೂಕಂಡ್ ಮಕ್ಳಿಗೂ ಟಿಕೇಟಾ ಮಾರಾಯ?" ಎಂದು ಮಾವ ಕೇಳಿದ. ಬಸ್ಸು ನಕ್ಕಿತು. ಬ್ರಹ್ಮಾವರದಲ್ಲಿ ಇಳಿದು ಬಾರ್ಕೂರಿನ ಬಸ್ಸಿಗೆ ಕಾಯುವಾಗ ಮಾವ ಡಬ್ಬಿಗೆ ಬಿಸಿಲು ತಾಗದ ಹಾಗೆ ತನ್ನ ನೆರಳಿನಲ್ಲಿ ಇಟ್ಟುಕೊಂಡು ನಿಂತಿದ್ದ. ಒಳಗೆ ಏನೂ ಇಲ್ಲ, ಬರೀ ತಗಡು ಎಂದು ಅವಳು ಹೇಳಿದರೂ ಕೇಳಲಿಲ್ಲ.

ಆಗ ಸ್ಟುಡಿಯೋಕ್ಕೆ ಕೈತುಂಬ ಕೆಲಸವಿತ್ತು. ಮದುವೆಯ ವಿಡಿಯೋದಲ್ಲಿ ಮದುಮಗಳ ಮುಖವನ್ನು ಚಂದ್ರನೊಳಗೆ ಕೂರಿಸುವುದು, ತಾವರೆ ಅರಳಿಸಿ ಅದರೊಳಗಿಂದ ಜೋಡಿಯನ್ನು ಎಬ್ಬಿಸುವುದು, ಹಾರುವ ಪಾರಿವಾಳ ಬಿಡುವುದು, ಎಲ್ಲವನ್ನೂ ಮಾವ ಈ ಯಂತ್ರದಲ್ಲೇ ಮಾಡುತ್ತಿದ್ದ. ರಜೆಯಲ್ಲಿ ಅಮಿತಾ ಪಕ್ಕದ ಸ್ಟೂಲಿನಲ್ಲಿ ಕೂತು ಯಾರಿಗೆ ತಾವರೆ, ಯಾರಿಗೆ ಪಾರಿವಾಳ ಎಂದು ತೀರ್ಮಾನಿಸುತ್ತಿದ್ದಳು. ಕಪ್ಪು ಮದುಮಗನಿಗೆ ಚಂದ್ರ ಬೇಡ ಎಂದು ಅವಳು ಹೇಳಿದರೆ, ಚಂದ್ರನ ಹೆಸರಿಟ್ಟುಕೊಂಡ ನಾನೇ ಕಪ್ಪಲ್ಲವೇ ಎಂದು ಮಾವ ಕೇಳುತ್ತಿದ್ದ. ಈಗ ಮದುವೆಯನ್ನು ಎಲ್ಲರೂ ಫೋನಿನಲ್ಲಿ ಹಿಡಿಯುತ್ತಾರೆ. ಮಾವನಿಗೆ ಉಳಿದದ್ದು ಪಾಸ್‌ಪೋರ್ಟ್ ಫೋಟೋ, ಲ್ಯಾಮಿನೇಶನ್ ಮತ್ತು ಈ ಕ್ಯಾಸೆಟ್ಟುಗಳು.

ಅವಳು ಸ್ಟುಡಿಯೋಕ್ಕೆ ಹೋಗುವಾಗ ಅಮ್ಮಣ್ಣಿ ಶೆಡ್ತಿಯವರು ಆಗಲೇ ಬಂದು ಬೆಂಚಿನಲ್ಲಿ ಕೂತು ಎಲೆಯಡಿಕೆ ಹಾಕುತ್ತಿದ್ದರು. ಕೊಕ್ಕರ್ಣೆಯಿಂದ ಮೊದಲ ಬಸ್ಸಿಗೆ ಬಂದಿದ್ದರಂತೆ. ಎಪ್ಪತ್ತು ದಾಟಿದ, ನೆಟ್ಟಗೆ ಕೂರುವ ಹೆಂಗಸು.

"ಇವ್ಳಾ ನಿನ್ ಡಾಕ್ಟ್ರ್?" ಎಂದು ಅವರು ಮಾವನನ್ನು ಕೇಳಿದರು.

"ಇವ್ಳೇ ಅಕ್ಕ. ಅಕ್ಕನ ಮಗ್ಳ್ ಅಮಿತಾ. ಇದನ್ನ್ ಹೆತ್ತವ್ಳೂ ಇವ್ಳೇ."

"ಹೆತ್ತವ್ಳ್ ಕಾಂಬುಕ್ ಬಪ್ಪುದ್ ಎಷ್ಟ್ ವರ್ಷಕ್ಕೆ?"

ಅಮಿತಾ ಚೀಲದಿಂದ ಸ್ಕ್ರೂಡ್ರೈವರ್ ತೆಗೆದಳು. "ಎಷ್ಟ್ ಹೊತ್ತಿಗೆ ಬಂದ್ ಆತ್ ಮಾವ?"

"ಮೊದ್ಲ್ ಸರ್ತಿ ಗಂಡಿನ ದಿಬ್ಬಣ ಬಪ್ಪತಿಗೆ. ಎರಡ್ನೇ ಸರ್ತಿ ಬಾಗ್ಲಲ್ಲಿ ಕಾಲ್ ತೊಳುವತಿಗೆ."

"ಎರಡ್ ಸರ್ತಿಯೂ ಧಾರೆಗೆ ಮೊದ್ಲೇ," ಎಂದರು ಅಮ್ಮಣ್ಣಿ. "ನಂಗೆ ಬೇಕಾದ್ದ್ ಧಾರೆ ಒಂದೇ. ಉಳ್ದದ್ದೆಲ್ಲ ನಾನ್ ಕಂಡಿದ್ದೆ."

"ಧಾರೆ ಕಂಡಿಲ್ಯಾ ನೀವ್?" ಅಮಿತಾ ಕೇಳಿದಳು. "ನಿಮ್ಮ ಮಗ್ಳದ್ದೇ ಅಲ್ದಾ?"

"ಇವ್ರ್ ಹೋಯಿ ಆಗ ಒಂದ್ ವರ್ಷ ಆಯಿತ್ತ್ ಅಷ್ಟೇ. ಗಂಡ ಇಲ್ದವ್ಳ್ ಮಂಟಪದ ಎದ್ರಿಗೆ ಬಪ್ಪುಕಿಲ್ಲೆ ಅಂದ್ರ್. ನನ್ನ ಅಣ್ಣ ಅತ್ತಿಗೆ ಧಾರೆ ಎರೆದ್ರ್. ನಾನ್ ಒಳ್ಗೆ ಕೋಣೆಯಲ್ಲಿ ತೆಂಗಿನಕಾಯಿ ಕಾವಲಿಗೆ ಕೂತಿದ್ದೆ." ಅವರು ಇದನ್ನು ನಿನ್ನೆಯ ಪೇಟೆಯ ದರ ಹೇಳಿದ ಹಾಗೆ ಹೇಳಿದರು. "ಕ್ಯಾಸೆಟ್ ಮನೆಗಿತ್ತ್. ಹಾಕುಕೆ ಮಿಶಿನ್ ಇರ್ಲಿಲ್ಲೆ. ಮಗ್ಳ್ ಮುಂಬಯಿಗೆ ಹೋಯ್ ಆಯ್ತ್. ಹಾಂಗೇ ಉಳೀತ್."

ಅಮಿತಾ ಡಬ್ಬಿಯ ಬದಿಯ ತಗಡು ಕಳಚಿದಳು. ಒಳಗಿನಿಂದ ಬಂದದ್ದು ಧೂಳಿನ ವಾಸನೆಯಲ್ಲ. ಅವಳು ತಲೆ ಬಗ್ಗಿಸಿ ಇನ್ನೊಮ್ಮೆ ಮೂಸಿದಳು. ದೇವಸ್ಥಾನದ ಒಳಗೆ ಹೋದ ಹಾಗಿತ್ತು.

"ಊದುಬತ್ತಿ ಇದ್ರೊಳ್ಗೆ ಹಚ್ತ್ರಾ ಮಾವ?"

"ಇಲ್ಲೆಪ್ಪ."

ಕೂಲರ್ ನೋಡಿದಳು. ಪ್ರೊಸೆಸರಿನ ಮೇಲೆ ಕೂರುವ ಫ್ಯಾನಿನ ಗಡ್ಡೆ ಅದು. ನಾಲ್ಕು ಪ್ಲಾಸ್ಟಿಕ್ ಕಾಲುಗಳಲ್ಲಿ ಬೋರ್ಡಿಗೆ ಕಚ್ಚಿಕೊಂಡಿರಬೇಕು. ಒಂದು ಕಾಲು ಮುರಿದಿತ್ತು. ಆ ಮೂಲೆಯನ್ನು ಬಲೆ ಹೆಣೆಯುವ ನೈಲಾನ್ ನೂಲಿನಲ್ಲಿ ಬಿಗಿದು ಕಟ್ಟಲಾಗಿತ್ತು, ಅಚ್ಚುಕಟ್ಟಾದ ಗಂಟು. ಅವಳು ನೂಲು ಕತ್ತರಿಸಿ, ಉಳಿದ ಕಾಲುಗಳನ್ನು ತಿರುಗಿಸಿ ಕೂಲರನ್ನು ಎತ್ತಿದಳು.

ಅಡಿಯಲ್ಲಿ ತಿಳಿಹಳದಿಯ ಒಣ ಪದರ. ಬಿಸಿಲಿಗೆ ಬಿರಿದ ಕೆರೆಯ ತಳದ ಹಾಗೆ ಒಡೆದಿತ್ತು. ಉಗುರಿನಲ್ಲಿ ಕೆರೆದಾಗ ಹುಡಿಯಾಗಿ ಉದುರಿತು. ಪ್ರೊಸೆಸರಿನ ಅಂಚಿನಿಂದ ಎರಡು ಗೆರೆ ಕೆಳಗೆ ಇಳಿದು ಅಲ್ಲೇ ಒಣಗಿದ್ದವು.

"ಇದ್ ಎಂತ?"

ಚಂದ್ರಮಾವ ಹತ್ತಿರ ಬಂದು ನೋಡಿದ. "ಗಂಧ."

"ಗಂಧ?"

"ಗಂಧವೇ. ಅಂಗಡಿದ್ದಲ್ಲ ಮತ್ತೆ, ಮನೆ ಕೊರಡ್. ನಾನೇ ತೇದದ್ದ್."

ಅಮ್ಮಣ್ಣಿ ಎಲೆ ಅಗಿಯುವುದನ್ನು ನಿಲ್ಲಿಸಿದರು. ಅಮಿತಾ ಕೂಲರನ್ನು ಮೇಜಿನ ಮೇಲೆ ಇಟ್ಟಳು. ಮೆಲ್ಲಗೆ ಇಡಬೇಕೆಂದಿದ್ದಳು, ಸದ್ದಾಯಿತು.

"ಪ್ರೊಸೆಸರಿಗೆ ಯಾರಾರೂ ಗಂಧ ಹಚ್ತ್ರಾ ಮಾವ? ನೀರ್ ಹಾಕಿ ತೇದದ್ದನ್ನ್? ಕರೆಂಟ್ ಹರಿವ ಜಾಗಕ್ಕೆ?"

"ಪೂರ್ತಿ ಆರಿದ್ ಮೇಲೇ ಸ್ವಿಚ್ ಹಾಕಿದ್ದ್."

"ಅದಕ್ಕೊಂದ್ ಸನ್ಮಾನ ಮಾಡ್ಕಾ?"

"ಹೆಣ್ಣೇ, ಕೇಣ್," ಎಂದ ಮಾವ. "ನೀನ್ ವರ್ಷ ವರ್ಷ ನವಮಿಗೆ ಬಂದ್ ಇದನ್ನ್ ಬಿಚ್ಚಿ, ಧೂಳ್ ಹೊಡ್ದ್, ಆ ಬಿಳಿ ಪೇಸ್ಟ್ ಹಚ್ತಿದ್ದೆ ಅಲ್ದಾ. ಹಚ್ಚಿದ್ ಕೂಡ್ಲೇ ಫ್ಯಾನ್ ಬೊಬ್ಬೆ ನಿಲ್ತಿತ್ತ್. ಎಂತಕ್ಕೆ ಹಚ್ಚುದ್ ಅಂದೇಳಿ ಕೇಂಡದ್ದಕ್ಕೆ, ತಂಪಾಯ್ಕಲ್ದಾ ಅಂದೆ. ನೀನ್ ಬಪ್ಪುದ್ ನಿಂತ್ ಮೇಲೆ ಆ ಟ್ಯೂಬ್ ಒಣ್ಗಿ ಕಲ್ಲಾಯ್ತ್. ತಂಪಿಗೆ ಗಂಧಕ್ಕಿಂತ ಒಳ್ಳೇದ್ ಎಂತ ಇತ್ತ್? ಬೇಸಿಗೆಯಲ್ಲಿ ಬೆವರ್ಸಾಲಿ ಬಿದ್ರೆ ನಿನ್ನ್ ಅಮ್ಮ ನಿಂಗೆ ಎಂತ ಹಚ್ತಿದ್ಲ್?"

"ಗಂಧ," ಎಂದರು ಅಮ್ಮಣ್ಣಿ ಬೆಂಚಿನಿಂದ.

"ಹಚ್ಚಿದ್ ಮೇಲೆ ಸರಿಯಾಯಿತ್ತೂ ಹೌದ್. ಎರಡ್ ತಿಂಗ್ಳ್ ಸದ್ದಿಲ್ಲೆ."

ಧೂಳು ಹೊಡೆದದ್ದರಿಂದ ಸರಿಯಾದದ್ದು, ಗಂಧದಿಂದಲ್ಲ ಎಂದು ಅಮಿತಾ ಹೇಳಬಹುದಿತ್ತು. ಅವಳು ಲೆಕ್ಕ ಹಾಕುತ್ತಿದ್ದುದು ಬೇರೆ. ಅಂಗಡಿಯ ಕೆಲಸಕ್ಕೆ ಸೇರಿದ ಮೇಲೆ ನವಮಿಯ ದಿನ ಅವಳಿಗೆ ಬಿಡುವಾಗಿರಲಿಲ್ಲ, ಅಂದು ಅಂಗಡಿಯಲ್ಲೇ ಆಯುಧಪೂಜೆ. ಮೊದಲ ವರ್ಷ ಫೋನು ಮಾಡಿ ಮುಂದಿನ ವಾರ ಬರುತ್ತೇನೆ ಎಂದಿದ್ದಳು. ಆಮೇಲೆ ಅದನ್ನೂ ಹೇಳಲಿಲ್ಲ. ಮಾವ ಕೇಳಲೂ ಇಲ್ಲ. ಪ್ರತಿ ನವಮಿಗೂ ಬಾಗಿಲು ಅರ್ಧ ಎಳೆದು, ಕನ್ನಡಕ ಹಾಕಿ, ಅವಳು ಮಾಡುತ್ತಿದ್ದುದನ್ನು ನೆನಪಿನಿಂದ ಒಂದೊಂದಾಗಿ ಮಾಡಿದ್ದ. ಕಾಲು ಮುರಿದಾಗ ನೂಲು ಕಟ್ಟಿದ್ದ. ಒಂದು ಫೋಟೋ ಕಳಿಸಿ ಇದು ಸರಿಯೇ ಎಂದು ಕೇಳಿದ್ದರೆ ಇಷ್ಟಾಗುತ್ತಿರಲಿಲ್ಲ.

"ಫೋನ್ ಮಾಡುಕಾಗ್ದಾ?"

"ನಿನ್ ಕೆಲ್ಸದ ಮಧ್ಯ ಇದೊಂದ್ ಎಂತಕ್ಕೆ ಅಂದೇಳಿ."

ಅವಳಿಗೆ ಸಿಟ್ಟು ಪೂರ್ತಿ ಇಳಿಯಲಿಲ್ಲ. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸತೊಡಗಿದಳು. ಒದ್ದೆಯಾದೊಡನೆ ಗಂಧ ಇನ್ನಷ್ಟು ಪರಿಮಳ ಬಿಟ್ಟಿತು. ಹಿಂದೆ ನವಮಿಯ ದಿನ ಸ್ಟುಡಿಯೋದಲ್ಲಿ ಇದೇ ಪರಿಮಳ ಇರುತ್ತಿತ್ತು. ಮಾವ ಕ್ಯಾಮರಾಕ್ಕೆ, ಫ್ಲ್ಯಾಶಿಗೆ, ಕತ್ತರಿಗೆ ಬೊಟ್ಟು ಇಡುತ್ತಿದ್ದ. ಅವಳು ನೆಲದಲ್ಲಿ ಹಳೇ ಪೇಪರು ಹಾಸಿ ಕಂಪ್ಯೂಟರನ್ನು ಬಿಚ್ಚಿ ಕೂರುತ್ತಿದ್ದಳು. ಕೆಲಸ ಮುಗಿದ ಮೇಲೆ ಅವಲಕ್ಕಿ ತಿನ್ನುವುದು. ಅವಳ ಬೆರಳಿನ ಬಿಳಿ ಪೇಸ್ಟು ಸೋಪಿಗೂ ಹೋಗದೆ ಅವಲಕ್ಕಿಯನ್ನು ಮಾವ ಚಮಚದಲ್ಲಿ ಕೊಡುತ್ತಿದ್ದ. ಆಗ ಅವಳಿಗೆ ಕಂಪ್ಯೂಟರ್ ರಿಪೇರಿಯೆಂದರೆ ಹಬ್ಬದ ಒಂದು ಭಾಗ. ಈಗ ದಿನಕ್ಕೆ ಹತ್ತಾರು ಕೂಲರ್ ಬಿಚ್ಚುತ್ತಾಳೆ, ಒಂದೂ ನೆನಪಿರುವುದಿಲ್ಲ.

ಒರೆಸಿದ ಮೇಲೆ ಪ್ರೊಸೆಸರಿನ ತಗಡಿನ ನೆತ್ತಿ ಕಾಣಿಸಿತು, ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದು. ಅದನ್ನು ಎತ್ತಿ ಅಡಿ ನೋಡಿದಳು. ಒಂದು ಮೂಲೆಯ ಪಿನ್ನುಗಳಲ್ಲಿ ಹಸಿರು ಕಿಲುಬು. ಗಂಧದ ನೀರು ಅಲ್ಲಿಯವರೆಗೂ ಇಳಿದಿತ್ತು. ಮೆತ್ತನೆಯ ಬ್ರಷ್ಷಿನಲ್ಲಿ, ಉಸಿರು ಬಿಗಿಹಿಡಿದು, ಅದನ್ನು ತೆಗೆದಳು. ಒಂದು ಪಿನ್ನು ಬಾಗಿದರೂ ಮುಗಿಯಿತು.

"ಬದುಕ್ತಾ?" ಅಮ್ಮಣ್ಣಿ ಕೇಳಿದರು.

"ಗೊತ್ತಿಲ್ಲೆ."

"ಡಾಕ್ಟ್ರ್ ಹಾಂಗೇ ಹೇಳ್ದ್ರ್ ನಮ್ಮವ್ರಿಗೂ. ಆ ಡಾಕ್ಟ್ರಾದ್ರೂ ಸುಳ್ಳ್ ಹೇಳುಕಿತ್ತ್."

ಅವಳು ಪ್ರೊಸೆಸರನ್ನು ಮರಳಿ ಕೂರಿಸಿ, ಅಂಗಡಿಯಿಂದ ತಂದ ಬೇರೆ ಕೂಲರನ್ನು ಹೊರಗಿಟ್ಟಳು, ಬಳಸಿದ್ದೇ, ಆದರೆ ನಾಲ್ಕು ಕಾಲೂ ಗಟ್ಟಿ ಇದ್ದವು. ಪೇಸ್ಟಿನ ಹೊಸ ಟ್ಯೂಬನ್ನು ತೆಗೆದು ಮಾವನ ಮುಂದೆ ಹಿಡಿದಳು.

"ನೀವೇ ಹಚ್ಚಿ."

"ನಾನಾ? ಇಷ್ಟ್ ಬೈಸ್ಕಂಡ್ ಮೇಲೆ?"

"ನಂಗೆ ವರ್ಷ ವರ್ಷ ಬಪ್ಪುಕಾತಿಲ್ಲೆ ಮಾವ. ಅದ್ ಅಪ್ಪುದಲ್ಲ. ನೀವ್ ಕಲ್ತ್ರೆ ಒಳ್ಳೇದ್."

ಮಾವ ಅವಳ ಮುಖ ನೋಡಿದ. ಆಮೇಲೆ ಕನ್ನಡಕ ಹಾಕಿಕೊಂಡು ಟ್ಯೂಬು ತೆಗೆದುಕೊಂಡ. ಧಾರಾಳವಾಗಿ ಒತ್ತಿದ. ಪ್ರೊಸೆಸರಿನ ಮೇಲೆ ಬೆಣ್ಣೆಯ ಮುದ್ದೆಯ ಹಾಗೆ ಕೂತಿತು.

"ಸುಣ್ಣ ಜಾಸ್ತಿ ಆಯ್ತ್," ಎಂದರು ಅಮ್ಮಣ್ಣಿ, ಕೈಯಲ್ಲಿದ್ದ ಎಲೆ ತೋರಿಸಿ. "ಬಾಯಿ ಬೆಂದ್ ಹೋತ್."

"ತಂಪಿನ ಸಾಮಾನ್ ಜಾಸ್ತಿ ಆದ್ರೆ ಎಂತ ಅಕ್ಕ?"

"ಅದ್ ತಂಪಲ್ಲ ಮಾವ," ಎಂದಳು ಅಮಿತಾ. "ಎರಡ್ ತಗಡಿನ ಮಧ್ಯ ಕಣ್ಣಿಗ್ ಕಾಣ್ದಷ್ಟ್ ಸಂದಿತ್ತ್. ಅಲ್ಲಿ ಗಾಳಿ ಕೂಕಂತ್. ಗಾಳಿ ಬಿಸಿ ದಾಟುಕೆ ಬಿಡ್ತಿಲ್ಲೆ. ಇದ್ ಬಿಸಿ ದಾಟುಕಿಪ್ಪ ಸಂಕ, ಅಷ್ಟೇ."

"ಸಂಕ ದಪ್ಪ ಇದ್ರೆ ಒಳ್ಳೇದಲ್ದಾ? ಮಳೆಗಾಲದಲ್ಲಿ ಹಳ್ಳ ದಾಟುಕೆ ದಪ್ಪ ಮರದ್ದೇ ಹಾಕುದ್."

"ಈ ಸಂಕ ತೆಳು ಇದ್ರೇ ಗಟ್ಟಿ. ಒರ್ಸಿ. ಹೆಸ್ರ್‌ಕಾಳಿನಷ್ಟ್ ಇಡಿ, ನಡೂಗೆ."

ಮಾವ ಒರೆಸಿ ಇನ್ನೊಮ್ಮೆ ಇಟ್ಟ. ಇಟ್ಟವನು ಅಭ್ಯಾಸಬಲದಿಂದ ಉಂಗುರದ ಬೆರಳನ್ನು ಅದರ ಮೇಲೆ ತಂದು, ದೇವರ ಹಣೆಗೆ ಹಚ್ಚುವ ಹಾಗೆ ಮೇಲಕ್ಕೆ ಎಳೆಯಹೊರಟ. ಅಮಿತಾ ಮಣಿಕಟ್ಟು ಹಿಡಿದಳು.

"ಬೆರ್ಳ್ ಬ್ಯಾಡ. ಕೂಲರೇ ಒತ್ತಿ ಹರಡ್ತ್. ನೇರ ಇಳ್ಸಿ. ಆಚೀಚಿ ಜಾರ್ಸ್ಬೇಡಿ. ಎದುರ್ ಬದುರ್ ಕಾಲ್ ಒತ್ತಿ."

ಟಕ್ ಎಂದಿತು. ಎದುರಿನದು ಟಕ್ ಎಂದಿತು. ಮಾವ ಒತ್ತಿದ ಕಾಲುಗಳೆಲ್ಲ ಸರಿಯಾಗಿ ಕೂತವು. ಅವನು ನಾಲ್ಕನ್ನೂ ಬೆರಳಿನಿಂದ ಅಲುಗಾಡಿಸಿ ನೋಡಿದ. "ಇಷ್ಟೇಯಾ?"

"ಇಷ್ಟೇ. ನವಮಿಗೆ ಗಂಧ ಡಬ್ಬಿ ಹೊರಗ್ ಹಚ್ಚಿ. ಎಷ್ಟ್ ಬೇಕಾರೂ."

ಸ್ವಿಚ್ಚು ಹಾಕಿದಳು. ಫ್ಯಾನು ತಿರುಗಿತು. ಪರದೆ ಕಪ್ಪಾಗಿಯೇ ಇತ್ತು. ಕಾದರು. ಡಬ್ಬಿಯೊಳಗಿನಿಂದ ಉದ್ದನೆಯ ಮೂರು ಕೂಗು ಬಂದವು, ನಿಂತವು, ಮತ್ತೆ ಬಂದವು. ಅಮ್ಮಣ್ಣಿ ಸೆರಗಿನಲ್ಲಿ ಕೈ ಒರೆಸಿಕೊಂಡು ಮೇಜಿನ ಮೇಲಿದ್ದ ಕ್ಯಾಸೆಟ್ಟನ್ನು ತಮ್ಮ ಕಡೆಗೆ ಎಳೆದುಕೊಂಡರು, ಮನೆಗೆ ಹೊರಡುವವರ ಹಾಗೆ.

ಮೂರು ಕೂಗೆಂದರೆ ಮೆಮೊರಿಯ ದೂರು. ಅಮಿತಾ ವಯರು ಕಿತ್ತಳು. ಮೆಮೊರಿ ಪಟ್ಟಿಗಳನ್ನು ತೆಗೆದು ರಬ್ಬರಿನಲ್ಲಿ ಉಜ್ಜಿ, ಒಂದನ್ನು ಮಾತ್ರ ಬೇರೆ ಸ್ಲಾಟಿಗೆ ಹಾಕಿದಳು. ಕಿಲುಬು ತಿಂದದ್ದು ಮೊದಲಿನ ಸ್ಲಾಟಿನ ದಾರಿಯನ್ನು ಎಂದು ಅವಳ ಊಹೆ. ಮತ್ತೆ ಸ್ವಿಚ್ಚು. ಈ ಸಲ ಒಂದೇ ಒಂದು ಚಿಕ್ಕ ಕೂಗು. ಪರದೆ ಬೆಳಗಿತು.

"ಅರ್ಧ ಮೆಮೊರಿ ಹೋಯ್ತ್ ಮಾವ. ತಾವರೆ ಪಾರಿವಾಳ ಎಲ್ಲ ಇನ್ ಆತಿಲ್ಲೆ. ಕ್ಯಾಸೆಟ್ ಇಳ್ಸುಕ್ ಸಾಕ್."

"ತಾವರೆ ಈಗ ಯಾರಿಗ್ ಬೇಕ್," ಎಂದ ಮಾವ.

ವಿ.ಸಿ.ಆರ್.ನ ಹೆಡ್ಡನ್ನು ಮಾವನೇ ಒರೆಸಿದ, ಅದು ಅವನ ವಿದ್ಯೆ. ಕ್ಯಾಸೆಟ್ಟನ್ನು ಅಮ್ಮಣ್ಣಿಯವರ ಕೈಯಿಂದ ತೆಗೆದುಕೊಂಡು ಒಳಗೆ ತಳ್ಳಿದ. ಅಮಿತಾ ಪರದೆಯ ಮೂಲೆಯಲ್ಲಿ ಪ್ರೊಸೆಸರಿನ ಬಿಸಿ ತೋರಿಸುವ ಚಿಕ್ಕ ಕಿಟಕಿಯನ್ನು ತೆರೆದಿಟ್ಟಳು. ನೂರರ ಹತ್ತಿರ ಹೋದರೆ ಯಂತ್ರ ತನ್ನನ್ನು ತಾನೇ ಬಂದ್ ಮಾಡಿಕೊಳ್ಳುತ್ತದೆ. ಈಗ ಐವತ್ತರ ಒಳಗಿತ್ತು.

ಮದುವೆ ಶುರುವಾಯಿತು. ಬಣ್ಣ ಮಾಸಿ ಎಲ್ಲರ ಮುಖ ಕಿತ್ತಳೆ. ಬೂಸ್ಟು ತಿಂದಲ್ಲಿ ಚಿತ್ರದ ಮೇಲೆ ಬಿಳಿ ಗೀಟುಗಳು ಓಡುತ್ತಿದ್ದವು. ದಿಬ್ಬಣ ಬಂತು. ಇಲ್ಲೇ ಮೊದಲ ಸಲ ನಿಂತದ್ದು ಎಂದು ಮಾವ ಹೇಳಿದ. ದಾಟಿತು. ಕಾಲು ತೊಳೆದರು. ದಾಟಿತು. ಬಿಸಿ ಅರವತ್ತಕ್ಕೆ ಏರಿ ಅಲ್ಲೇ ಆಡುತ್ತಿತ್ತು.

"ಇಲ್ ಕಾಣಿ ಅಕ್ಕ, ಧಾರೆ," ಎಂದ ಮಾವ.

ಪರದೆಯ ತುಂಬ ಒಂದು ಬೆನ್ನು. ಬಿಳಿ ಶರ್ಟು, ಬೆವರಿಗೆ ಅಂಟಿಕೊಂಡದ್ದು, ಅಗಲ. ಬೆನ್ನಿನ ಆಚೆ ವಾದ್ಯ, ಮಂತ್ರ.

"ಯಾರ್ದ್ ಆ ಬೆನ್ನ್?"

"ಪ್ರೇಮಾನಂದಣ್ಣಂದ್. ಗಂಡಿನ ಸೋದರಮಾವ, ಮುಂಬಯಿ ಹೋಟ್ಲಿನವ್ರ್."

"ನೀನ್ ಆಗ ಬದಿಗೆ ಸರೀನಿ ಅಂದೇಳ್ಕಲ್ದಾ?"

"ಗಂಡಿನ ಕಡೆಯವ್ರಿಗೆ ಸರೀನಿ ಅಂಬುಕ್ ಆತ್ತಾ ಅಕ್ಕ? ನಾನ್ ಕ್ಯಾಮರಾ ಹಿಡ್ದವ, ಅಷ್ಟೇ."

ಬೆನ್ನು ಹೋಗಲಿಲ್ಲ. ಮಂತ್ರ ನಡೆದೇ ಇತ್ತು. ಅಮ್ಮಣ್ಣಿ ಬೆಂಚಿನಿಂದ ಎದ್ದು ಪರದೆಯ ಹತ್ತಿರ ಬಂದರು, ಬದಿಯಿಂದ ಇಣುಕಿದರೆ ಆಚೆ ಕಾಣುತ್ತದೋ ಎಂಬ ಹಾಗೆ ತಲೆ ವಾಲಿಸಿದರು. ಆಗ ಬೆನ್ನು ಸರಿಯಿತು. ಕೈಗಳ ಮೇಲೆ ಕೈಗಳು, ನಡುವೆ ತೆಂಗಿನಕಾಯಿ, ಮೇಲಿಂದ ನೀರು. ಮದುಮಗಳು ತಲೆ ತಗ್ಗಿಸಿದ್ದಳು. ನೀರು ಬೀಳುತ್ತಿದ್ದಂತೆ ಒಂದು ಕ್ಷಣ ತಲೆ ಎತ್ತಿದಳು. ಬಾಯಿ ಮುಚ್ಚಿಕೊಳ್ಳಲು ಕೈ ಬಿಡುವಿಲ್ಲದೆ, ತುಟಿ ಕಚ್ಚಿ ನಗುತ್ತಿದ್ದಳು. ಆಮೇಲೆ ಇನ್ನೊಂದು ಬೆನ್ನು ಬಂತು.

"ಅಷ್ಟೇಯಾ?"

"ಅಷ್ಟೇ ಅಕ್ಕ."

ಅಮ್ಮಣ್ಣಿ ನಿಂತೇ ಇದ್ದರು. "ನಗ್ಯಾಡ್ತಿತ್ತ್ ಹೆಣ್ಣ್," ಎಂದರು. "ನಾನ್ ಒಳ್ಗೆ ಕೂಕಂಡ್, ಅವ್ಳ್ ಕಣ್ಣೀರ್ ಹಾಕಿ ಮರ್ಕ್ತಾ ಇತ್ತೋ ಏನೊ ಅಂದೇಳಿ ಕಿವಿ ಕೊಟ್ಟದ್ದೇ ಕೊಟ್ಟದ್ದ್. ಇಷ್ಟ್ ವರ್ಷ ಹಾಂಗೇ ಗ್ರಹಿಸ್ಕಂಡಿದ್ದೆ. ಅಪ್ಪ ಇಲ್ಲೆ, ಅಮ್ಮ ಎದ್ರಿಗಿಲ್ಲೆ, ಮರ್ಕ್ದೇ ಇರ್ತ್ಳಾ ಅಂದೇಳಿ." ಮಾವನ ಕಡೆ ತಿರುಗಿ ಕೇಳಿದರು, "ಎಂತಕ್ಕೆ ನಗ್ಯಾಡಿದ್ದ್?"

"ಅದ್ ಕ್ಯಾಮರಕ್ಕೆ ಗೊತ್ತಾತಿಲ್ಲೆ."

ಅವರು ಸೊಂಟದ ಚೀಲದಿಂದ ಫೋನು ತೆಗೆದು ಮುಂಬಯಿಗೆ ಹಚ್ಚಿದರು. "ಹ್ವಾಯ್ ಶರ್ಮಿಳಾ, ಧಾರೆ ಎರುವತಿಗೆ ನೀನ್ ಎಂತಕ್ಕೆ ನಗ್ಯಾಡಿದ್ದ್? ... ನಿನ್ ಮದಿಯಲ್ಲಿ, ಮತ್ಯಾರ್ದ್? ... ಈಗ ಕಂಡೆ. ಬಾರ್ಕೂರಲ್ಲಿ. ... ಅಲ್ಲ, ಬೈಯುದಲ್ಲ, ಸುಮ್ನೆ ಕೇಂಬುದ್." ಆಮೇಲೆ ಬಹಳ ಹೊತ್ತು ಬರೀ ಕೇಳಿಸಿಕೊಂಡರು. ಫೋನು ಕಿವಿಯಿಂದ ತೆಗೆದು ಮಾವನಿಗೆ ಹೇಳಿದರು, "ಅವ್ಳಿಗೆ ನೆಂಪಿಲ್ಲೆ ಅಂಬ್ರ್. ನಾನೂ ಕಾಣ್ಕ್, ಕಳ್ಸಿ ಅಂತಿತ್ತ್."

"ಮುಗೀಲಿ. ಇನ್ನೂ ಊಟ ಇತ್ತ್."

ಊಟದ ಪಂಕ್ತಿ ಶುರುವಾಗಿತ್ತು. ಕ್ಯಾಮರಾ ಎಲೆಯಿಂದ ಎಲೆಗೆ ನಿಧಾನವಾಗಿ ಹೋಗುತ್ತಿತ್ತು. ತಿನ್ನುವವರು ಬಾಯಿ ನಿಲ್ಲಿಸಿ ನೋಡುತ್ತಿದ್ದರು. ಅಮ್ಮಣ್ಣಿ ಫೋನನ್ನು ಬಂದ್ ಮಾಡದೆಯೇ ಮಗಳಿಗೆ ಒಬ್ಬೊಬ್ಬರ ಹೆಸರು ಹೇಳತೊಡಗಿದರು. ಇವ ಸತ್ತ, ಇವ ಇನ್ನೂ ಇದ್ದ, ಇವ್ಳಿಗೆ ಆಗ ಹಲ್ಲಿತ್ತ್ ಕಾಣ್. ಮಾವ ಬಾಯಿ ಹಾಕಿ ತಪ್ಪಿದ ಹೆಸರು ತಿದ್ದಿದ. ಸತ್ತವನೆಂದು ಅವರು ಹೇಳಿದ ಒಬ್ಬ ಮೊನ್ನೆ ಲ್ಯಾಮಿನೇಶನ್ನಿಗೆ ಬಂದಿದ್ದನಂತೆ. ಆ ಮಾತಿಗೆ ಫೋನಿನೊಳಗಿನ ಹೆಂಗಸು ನಗುವುದು ಸ್ಟುಡಿಯೋದ ತುಂಬ ಕೇಳಿಸಿತು. ಅಮಿತಾ ಬಿಸಿಯ ಕಿಟಕಿಯನ್ನು ನೋಡುವುದು ಬಿಟ್ಟು ಬಹಳ ಹೊತ್ತಾಗಿತ್ತು.